ಅತ್ತೆಯ ಮೂಗು ಮತ್ತು ನನ್ನ ಸಿಪ್ಪೆ ನೀರು

ದಾಸರಹಳ್ಳಿಯ ಜ್ಯೂಸ್ ಗಾಡಿಯವನು ನನ್ನನ್ನು ದೂರದಲ್ಲಿ ಕಂಡರೆ ಸಾಕು, ಗಾಡಿಯ ಅಡಿಯಿಂದ ಒಂದು ಚೀಲ ತೆಗೆದು ಪಕ್ಕಕ್ಕಿಡುತ್ತಾನೆ. ಅದರ ತುಂಬ ಮೂಸಂಬಿ ಸಿಪ್ಪೆ. ಜ್ಯೂಸ್ ಕುಡಿಯುತ್ತ ನಿಂತವರು ಒಮ್ಮೆ ಚೀಲವನ್ನೂ ಒಮ್ಮೆ ನನ್ನನ್ನೂ ನೋಡುತ್ತಾರೆ. ಕತ್ತಿನಲ್ಲಿ ಕಾರ್ಖಾನೆಯ ಗುರುತಿನ ಚೀಟಿ ತೂಗಿಸಿಕೊಂಡ, ನೋಡಲು ಮರ್ಯಾದಸ್ಥಳಂತಿರುವ ಹೆಂಗಸು ಹಣ್ಣು ಬಿಟ್ಟು ಸಿಪ್ಪೆ ಹೊತ್ತುಕೊಂಡು ಹೋದರೆ ಯಾರಾದರೂ ನೋಡುವವರೇ. ಒಂದು ಸಲ ಚಿಕ್ಕಬಾಣಾವರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಕೆ ಚೀಲದೊಳಗೆ ಇಣುಕಿ, "ಹಸ ಕಟ್ಟಿದ್ದೀರಾ ಅಕ್ಕ?" ಎಂದು ಕೇಳಿದರು. ದಿನವಿಡೀ ನಿಂತು ದಣಿದಿದ್ದೆ, ವಿವರಿಸುವ ತ್ರಾಣವಿರಲಿಲ್ಲ. ಹೂಂ ಎಂದುಬಿಟ್ಟೆ. "ಎಷ್ಟ್ ಹಾಲ್ ಕೊಡ್ತದೆ?" ಎಂದರು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆ ಬೇಕಲ್ಲ, "ಈಗ ಗಬ್ಬ" ಎಂದೆ. ಅಂದಿನಿಂದ ಆಕೆ ಬಸ್ಸಿನಲ್ಲಿ ಸಿಕ್ಕಾಗಲೆಲ್ಲ ಕರು ಹಾಕಿತೇ ಎಂದು ವಿಚಾರಿಸುತ್ತಾರೆ. ನಾನು ಕಿಟಕಿಯ ಆಚೆ ನೋಡುತ್ತೇನೆ.

ಹಸುವೂ ಇಲ್ಲ, ಕರುವೂ ಇಲ್ಲ. ಆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಮುಳುಗಿಸಿ, ಡಬ್ಬದ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಇಟ್ಟರೆ ಹುಳಿತು ಕಂದು ಬಣ್ಣದ ನೀರಾಗುತ್ತದೆ. ಸೋಸಿ, ತೆಳ್ಳಗೆ ಮಾಡಿಕೊಂಡು ಒಲೆಯ ಕಟ್ಟೆ, ಸಿಂಕು, ನೆಲ ಎಲ್ಲ ಒರೆಸಬಹುದು. ಪಾತ್ರೆಗೆ ಅಂಟುವಾಳದ ಕಾಯಿ ಕುದಿಸಿ ಕಿವುಚಿದ ನೊರೆ. ಸಿಪ್ಪೆ ನೀರಿಗೆ ಬಲ್ಲವರು ಬಯೋ ಎಂಜೈಮ್ ಎನ್ನುತ್ತಾರೆ. ನಾನು ಸಿಪ್ಪೆ ನೀರು ಎನ್ನುತ್ತೇನೆ. ನಮ್ಮ ಅತ್ತೆ ಅದಕ್ಕೆ ಇಟ್ಟ ಹೆಸರು "ನಿನ್ ಹೆಂಡ".

ಹಾಗೆ ನೋಡಿದರೆ ಇದೆಲ್ಲ ಶುರುವಾದದ್ದು ಅತ್ತೆಗಾಗಿಯೇ. ಲೋಕಕ್ಕೆಲ್ಲ ಬಂದ ಆ ಜ್ವರ ಅವರಿಗೂ ಬಂತು. ಬಂದದ್ದು ಹೋಯಿತು, ಹೋಗುವಾಗ ಉಬ್ಬಸವನ್ನು ಬಿಟ್ಟು ಮೂಗನ್ನು ತೆಗೆದುಕೊಂಡು ಹೋಯಿತು. ಮೂಗೆಂದರೆ ಎಂಥ ಮೂಗು ಅಂತೀರಿ. ಹಾಲು ಒಡೆಯುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ನಮ್ಮದು ಚಿಕ್ಕಬಾಣಾವರದ ಹಳೆಯ ಮನೆತನ. ಹೊಲವೆಲ್ಲ ಸೈಟುಗಳಾಗಿ, ಉಳಿದ ಜಾಗದಲ್ಲಿ ನಾಲ್ಕು ಬಾಡಿಗೆ ಕೋಣೆಗಳಿವೆ. ಅತ್ತೆ ಹಜಾರದಲ್ಲಿ ಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ, "ಶಾಂತವ್ವ, ಒಗ್ಗರಣೆ ಸೀತಾ ಐತೆ ನೋಡವ್ವ" ಎಂದು ಮಹಡಿಯ ಕೋಣೆಗೆ ಕೂಗುತ್ತಿದ್ದರು. ಯಾದಗಿರಿ ಕಡೆಯ ಶಾಂತವ್ವ, "ಅಯ್ಯ, ಹೌದ್ರಿ ಅಮ್ಮಾರ" ಎಂದು ಓಡುತ್ತಿದ್ದಳು. ಪೀಣ್ಯದ ಕಾರ್ಖಾನೆಗಳ ಗಾಳಿ ಕುಡಿದು ಕುಡಿದು ಊರಿನ ಮೂಗುಗಳೆಲ್ಲ ಸತ್ತಿದ್ದವು, ಅತ್ತೆಯದೊಂದು ಬದುಕಿತ್ತು.

ಜ್ವರದ ನಂತರ ಅದೂ ಹೋಯಿತು. ಆಮೇಲೆ ಬಂತು, ಆದರೆ ಸೊಟ್ಟಗಾಗಿ ಬಂತು. ಕಾಫಿ ಕೊಟ್ಟರೆ ಟೈರು ಸುಟ್ಟ ವಾಸನೆ ಎನ್ನುತ್ತಿದ್ದರು. ಮಲ್ಲಿಗೆ ಮುಡಿಸಲು ಹೋದರೆ ಮೋರಿ ನಾತವೆಂದು ತಲೆ ಹಿಂದಕ್ಕೆಳೆಯುತ್ತಿದ್ದರು. ಒಂದು ಬೆಳಿಗ್ಗೆ ದೇವರ ಮುಂದೆ ಊದಿನಕಡ್ಡಿ ಹಚ್ಚಿ, ಆ ಹೊಗೆ ತಡೆಯಲಾರದೆ, ದೇವರ ಮುಂದೆಯೇ ಮೂಗು ಮುಚ್ಚಿಕೊಳ್ಳಬೇಕಾಯಿತಲ್ಲ ಎಂದು ಅತ್ತರು. ಕ್ರಮೇಣ ಒಂದೊಂದೇ ವಾಸನೆ ತನ್ನ ಜಾಗಕ್ಕೆ ಮರಳಿತು. ಮನೆಯವರ ನಂಬಿಕೆ ಮಾತ್ರ ಮರಳಲಿಲ್ಲ. ಅತ್ತೆ ಏನಾದರೂ ವಾಸನೆ ಎಂದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುವುದು ರೂಢಿಯಾಯಿತು.

ಉಬ್ಬಸ ಮಾತ್ರ ನಿಜವಾಗಿಯೂ ಉಳಿಯಿತು. ನೆಲಕ್ಕೆ ಫಿನಾಯಿಲ್ ಹಾಕಿದ ದಿನ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತರುತ್ತಿದ್ದರು. ಸಿಂಕಿಗೆ ಬ್ಲೀಚಿಂಗ್ ಪುಡಿ ಹಾಕಿದರಂತೂ ಕೇಳುವುದೇ ಬೇಡ. ಹೀಗಾಗಿ ಘಾಟಿನ ಬಾಟಲಿಗಳನ್ನೆಲ್ಲ ಒಂದು ದಿನ ಅಟ್ಟಕ್ಕೆ ಹಾಕಿದೆ. ನಮ್ಮ ಕಾರ್ಖಾನೆಯ ಗೆಳತಿಯೊಬ್ಬಳು ಸಿಪ್ಪೆ ನೀರಿನ ವಿದ್ಯೆ ಹೇಳಿಕೊಟ್ಟಳು.

ಬಾಟಲಿ ಅಟ್ಟ ಹತ್ತಿದ ದಿನದಿಂದ ನನ್ನ ನೆಮ್ಮದಿಯೂ ಅಟ್ಟ ಹತ್ತಿತು. ನನ್ನದು ಹುಟ್ಟು ಅಳುಕಿನ ಸ್ವಭಾವ. ಬಾಗಿಲಿಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡುವವಳು. ಫಿನಾಯಿಲ್ ಹಾಕಿದಾಗ ಮೂಗಿಗೆ ಹೊಡೆಯುವ ಆ ಘಾಟೇ ನನಗೆ ಧೈರ್ಯ ಹೇಳುತ್ತಿತ್ತು. ನಮಗೇ ಇಷ್ಟು ಉರಿಯಬೇಕಾದರೆ ಕ್ರಿಮಿಗಳ ಪಾಡು ಏನಾಗಿರಬೇಡ ಎಂಬ ಸಮಾಧಾನ. ಈ ಸಿಪ್ಪೆ ನೀರಿಗೆ ಅಂಥ ಪೌರುಷವಿಲ್ಲ. ಒರೆಸಿದ ಮೇಲೆ ಒಂದಿಷ್ಟು ಹುಳಿ ವಾಸನೆ, ಅದೂ ಸ್ವಲ್ಪ ಹೊತ್ತಿಗೆ ಮಾಯ. ಕ್ರಿಮಿ ಸತ್ತಿತೋ, ಬೆಲ್ಲದ ನೀರು ಕುಡಿದು ಇನ್ನಷ್ಟು ಕೊಬ್ಬಿತೋ ಕಂಡವರು ಯಾರು? ಕೋಳಿ ತೊಳೆದ ಸಿಂಕಿಗೆ ಇವತ್ತಿಗೂ ನಾನು ಸಿಪ್ಪೆ ನೀರಿನ ಮೇಲೆ ಒಂದು ಪಾತ್ರೆ ಕುದಿನೀರನ್ನೂ ಸುರಿಯುತ್ತೇನೆ. ನಂಬಿಕೆ ಬೇರೆ, ಕೋಳಿ ಬೇರೆ.

ಚಿಕ್ಕಂದಿನಲ್ಲಿ ಈ ಸಂಶಯಗಳಿರಲಿಲ್ಲ, ಏಕೆಂದರೆ ತೀರ್ಪು ಕೊಡಲು ಅಜ್ಜಿಯಿದ್ದರು. ಮಾಕಳಿಯ ಹತ್ತಿರದ ನಮ್ಮ ಮನೆಯಲ್ಲಿ ಪಾತ್ರೆ ಬೆಳಗುವ ಕೆಲಸ ನನ್ನದು. ಒಲೆಯ ಬೂದಿ, ಸಾರಿಗೆ ಹಿಂಡಿದ ಹುಣಸೆಯ ಚರಟ, ಒಂದು ಹಿಡಿ ತೆಂಗಿನ ನಾರು, ಇಷ್ಟೇ ಸಾಮಗ್ರಿ. ಬೆಳಗಿದ ಪಾತ್ರೆಯನ್ನು ಅಜ್ಜಿ ಕಣ್ಣಿನಿಂದ ನೋಡುತ್ತಿರಲಿಲ್ಲ, ಮುಖದ ಹತ್ತಿರ ಹಿಡಿದು ಮೂಸುತ್ತಿದ್ದರು. ಏನೂ ಹೇಳದೆ ಬೋರಲು ಹಾಕಿದರೆ ಪಾಸು. "ಕಮಟು" ಎಂಬ ಒಂದು ಮಾತು ಬಂದರೆ ಮತ್ತೆ ಬೂದಿಗುಡ್ಡೆಗೆ. ಹಳಸಲಿಗೆ ಒಂದು ಮಾತು, ಮುಗ್ಗಲಿಗೆ ಒಂದು, ಸೀದದ್ದಕ್ಕೆ ಇನ್ನೊಂದು. ಬರೆಯಲು ಬಾರದ ಅಜ್ಜಿಯ ಬಾಯಲ್ಲಿ ವಾಸನೆಗೆ ಇದ್ದಷ್ಟು ಪದಗಳು ನನಗೆ ಇವತ್ತು ಬಣ್ಣಕ್ಕೂ ಸಿಗುವುದಿಲ್ಲ. ಆ ಮೂಗಿನ ಎದುರು ಉಸಿರು ಹಿಡಿದು ನಿಲ್ಲುತ್ತಿದ್ದ ಹುಡುಗಿ ನಾನು, ಇನ್ನೂ ಅಲ್ಲಿಯೇ ನಿಂತಿದ್ದೇನೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಮದುವೆಯಾಗಿ ಬಂದರೆ ಇಲ್ಲಿಯೂ ಒಂದು ಮೂಗು. ಸಿಪ್ಪೆಯ ವಿಷಯದಲ್ಲಿ ಆ ಮೂಗಿಗಿಂತ ಮೊದಲು ತಕರಾರು ತೆಗೆದದ್ದು ಅತ್ತೆಯ ಆಚಾರ. ಶುರುವಿನಲ್ಲಿ ನಾನು ಮನೆಯಲ್ಲಿ ತಿಂದ ಕಿತ್ತಳೆಯ ಸಿಪ್ಪೆಯನ್ನೇ ಕೂಡಿಡುತ್ತಿದ್ದೆ.

"ತಿಂದ್ ಬಿಸಾಕಿದ್ ಸಿಪ್ಪೆ ಕೊಳೆಸಿ, ಅದರ ನೀರ್ನಾಗೆ ಒಲೆ ಒರೆಸ್ತೀಯಾ? ಎಂಜಲಲ್ವಾ ಅದು?" ಎಂದರು ಅತ್ತೆ.

"ಸಿಪ್ಪೆ ಬಿಡಿಸಿದ ಮೇಲೆ ತಾನೇ ಅತ್ತೆ ಬಾಯಿಗೆ ಹಾಕ್ಕೊಳೋದು?"

"ತಿನ್ನೋ ಕೈಯಾಗೆ ಸಿಪ್ಪೆ ಮುಟ್ಟಲ್ವಾ ನಿನ್ ಗಂಡ? ನಾ ನೋಡಿವ್ನಿ."

ಅದು ನಿಜ. ನಮ್ಮ ಯಜಮಾನರು ತೊಳೆ ಚೀಪಿದ ಕೈಯಲ್ಲೇ ಸಿಪ್ಪೆಯನ್ನು ಗುಡ್ಡೆ ಹಾಕುವವರು. ದಿನಾ ಬೆಳಿಗ್ಗೆ ಒಲೆಯನ್ನು ಒರೆಸಿ, ಒಂದು ಎಳೆ ರಂಗೋಲಿ ಎಳೆದು, ಕುಂಕುಮವಿಟ್ಟು ಆಮೇಲೆ ಹಚ್ಚುವ ಮನೆ ನಮ್ಮದು. ಒಲೆಗೆ ಎಂಜಲು ತಾಗಿಸುವುದುಂಟೇ? ಹಾವೂ ಸಾಯದೆ ಕೋಲೂ ಮುರಿಯದೆ ದಾರಿ ಹುಡುಕುವಾಗ ಜ್ಯೂಸ್ ಗಾಡಿ ಕಣ್ಣಿಗೆ ಬಿತ್ತು. ಅಲ್ಲಿ ಹಣ್ಣು ಹಿಂಡುವುದು ಯಂತ್ರ, ಸಿಪ್ಪೆಗೆ ಯಾರ ಬಾಯಿಯೂ ತಾಗಿಲ್ಲ. ಅತ್ತೆ ಇದನ್ನು ಯೋಚಿಸಿ ನೋಡಿ, "ಅಂಗಾದ್ರೆ ಸರಿ" ಎಂದರು. ಹೀಗೆ ನಾನು ಚೀಲ ಹೊತ್ತವಳಾದೆ.

ಡಬ್ಬಕ್ಕೆ ನೆರಳು ಬೇಕು, ಜೊತೆಗೆ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಒಳಗೆ ಕಟ್ಟಿಕೊಂಡ ಗಾಳಿ ಬಿಡಬೇಕು, ಆದ್ದರಿಂದ ಕೈಗೂ ಸಿಗಬೇಕು. ಅಡುಗೆ ಕಟ್ಟೆಯ ಕೆಳಗೆ ಸಿಲಿಂಡರಿನ ಪಕ್ಕದಲ್ಲಿ ಜಾಗವಿತ್ತು. ದಪ್ಪ ಪ್ಲಾಸ್ಟಿಕ್ ಡಬ್ಬವನ್ನು ಅಲ್ಲಿಗೆ ಒತ್ತಿ ಕೂರಿಸಿದೆ.

ಅತ್ತೆ ಮಧ್ಯಾಹ್ನದ ಹೊತ್ತು ವಾಸನೆ ಎನ್ನಲು ಶುರುಮಾಡಿದ್ದು ಇದಾದ ಕೆಲವು ವಾರಗಳ ಮೇಲೆ.

ನಮ್ಮ ಮನೆಯ ಕ್ರಮ ಸ್ವಲ್ಪ ಹೇಳಬೇಕು. ಬೆಳಗಿನ, ರಾತ್ರಿಯ ಅಡುಗೆ ನನ್ನದು. ಹೊಗೆ ಎಳೆಯುವ ಫ್ಯಾನು ಗಿರಗುಟ್ಟಿಸುತ್ತ, ಕಿಟಕಿ ತೆರೆದು, ಓಡುತ್ತ ಮಾಡುವ ಅಡುಗೆ. ನಾನು ಪೀಣ್ಯಕ್ಕೂ ಯಜಮಾನರು ಮಾಕಳಿಯ ಗೋದಾಮಿಗೂ ಹೋದ ಮೇಲೆ ಮಧ್ಯಾಹ್ನದ ಅಡುಗೆಮನೆ ಅತ್ತೆಯ ರಾಜ್ಯ. ಫ್ಯಾನಿನ ಸದ್ದು ಅವರಿಗಾಗದು, ರಸ್ತೆಯ ಧೂಳಿಗೆ ಕಿಟಕಿಯನ್ನೂ ಮುಚ್ಚಿಬಿಡುತ್ತಾರೆ. ಸಾರು ಬಿಸಿ ಮಾಡಿ, ತಮ್ಮ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಸರಿಟ್ಟು, ಎರಡು ಕಾಲಿನ ನಡುವೆ ಪಾತ್ರೆ ಅಮುಕಿ ಹಿಡಿದು, ಕೋಲಿನಿಂದ ತಿರುವಿ ಒಂದು ಮುದ್ದೆ ಕಟ್ಟುತ್ತಾರೆ. ಉಂಡು, ರೆಗ್ಯುಲೇಟರ್ ಆರಿಸಿ ಮಲಗುತ್ತಾರೆ. ಸಂಜೆ ನಾವು ಬಂದು ಬಾಗಿಲು ತೆರೆಯುವಷ್ಟರಲ್ಲಿ ಯಾವ ವಾಸನೆಯೂ ಇರುತ್ತಿರಲಿಲ್ಲ.

"ಗ್ಯಾಸ್ ವಾಸ್ನೆ ಬತ್ತದೆ ಕಣೆ ಗಿರ್ಜಾ, ಮದ್ಯಾನದ ಹೊತ್ತು" ಎಂದರು ಮೊದಲ ಸಲ.

ನಾನು ಬಗ್ಗಿ ಮೂಸಿದೆ. ಸಿಪ್ಪೆಯ ಹುಳಿ ಬಿಟ್ಟು ಬೇರೇನೂ ಇಲ್ಲ. "ಡಬ್ಬದ್ದು ಅತ್ತೆ. ಹುಳಿತಾ ಇದೆಯಲ್ಲ."

"ನಿನ್ ಹೆಂಡದ ವಾಸ್ನೆ ನಂಗೊತ್ತಿಲ್ವಾ? ಇದು ಬ್ಯಾರೆ."

ಇದೇ ಮಾತು ಮತ್ತೆ ಮತ್ತೆ ನಡೆಯಿತು. ಸಿಪ್ಪೆಯ ಡಬ್ಬ ಅವರಿಗೆ ಮೊದಲಿನಿಂದಲೂ ಆಗದು, ಅದನ್ನು ಹೊರಗೆ ಹಾಕಿಸಲು ಹೂಡಿದ ಹೊಸ ಹಟವೆಂದು ನಾನು ತಿಳಿದೆ. ಯಜಮಾನರ ಯೋಚನೆ ಬೇರೆ ಕಡೆ ಓಡಿತು. ಒಂದು ಸಂಜೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಅಮ್ಮಂಗೆ ವಯಸ್ಸಾಯ್ತು ಕಣೆ. ಮೂಗು ಹೋಯ್ತು, ಈಗ ತಲೆನೂ ಸ್ವಲ್ಪ… ಇಲ್ಲದ ವಾಸನೆ ಬರುತ್ತೆ ಅನ್ನೋರ ಕೈಲಿ ಗ್ಯಾಸ್ ಕೊಟ್ಟು ಹೋಗೋದು ಹೆಂಗೆ? ಒಂದು ಕರೆಂಟ್ ಒಲೆ ತಂದುಬಿಡೋಣ. ನಾವು ಹೋಗುವಾಗ ಸಿಲಿಂಡರ್ ಆಫ್ ಮಾಡಿ ಅಡುಗೆ ಕಟ್ಟೆ ಕೆಳಗಡೆ ಬಾಗಿಲಿಟ್ಟು ಬೀಗ ಹಾಕೋಣ."

ಗೋಡೆಯಾಚೆ ಅತ್ತೆ ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಕರೆಂಟ್ ಒಲೆ ಮ್ಯಾಲೆ ನನ್ ಮುದ್ದೆ ಪಾತ್ರೆ ಕಾಯ್ತದಾ?"

ಕಾಯುವುದಿಲ್ಲ. ಆ ಇಂಡಕ್ಷನ್ ಒಲೆಗೆ ಅಲ್ಯೂಮಿನಿಯಂ ಒಗ್ಗದು. ನಾನು ಏನೋ ತೇಲಿಸಿ ಹೇಳಿದೆ. ಅತ್ತೆ ಪಾತ್ರೆಯ ತಳ ಸವರುತ್ತ ಕೂತರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಕೈ ತಪ್ಪದ ಒಲೆ ಅದು. ಅಲ್ಲಿಂದ ಅವರನ್ನು ಎಬ್ಬಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ನನ್ನ ಅಳುಕು ಯಜಮಾನರ ಪಕ್ಷವನ್ನೇ ಹಿಡಿಯಿತು. ಕಾರ್ಖಾನೆಯಲ್ಲಿ ನಿಂತು, ಈಗ ಹಚ್ಚಿರಬಹುದು, ಆರಿಸಿದರೋ ಇಲ್ಲವೋ ಎಂದು ಮಧ್ಯಾಹ್ನಗಳನ್ನೆಲ್ಲ ಕಳೆಯುತ್ತಿದ್ದೆ. ಬರುವ ವಾರ ಒಲೆ ತರುವುದೆಂದು ನಿಶ್ಚಯವಾಯಿತು.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮದು ಒತ್ತಡದ ಗಾಳಿ ಹಾಯುವ ಕೊಳವೆಗಳಿಗೆ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ. ನಾನು ಕೊನೆಯ ಮೇಜಿನವಳು. ತಯಾರಾಗಿ ಬಂದ ವಾಲ್ವಿಗೆ ಗಾಳಿ ತುಂಬಿ, ಬೆಸುಗೆಗೆಲ್ಲ ಬ್ರಷ್ಷಿನಿಂದ ಸೋಪಿನ ನೊರೆ ಹಚ್ಚಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕೀಲಿಸಿ ನೋಡುವುದು. ಗುಳ್ಳೆ ಎದ್ದರೆ ಅದು ಸೋರುತ್ತಿದೆ ಎಂದರ್ಥ, ಪಕ್ಕಕ್ಕೆ ಹಾಕಬೇಕು. ಅಳುಕಿನವರಿಗೆ ಹೇಳಿ ಮಾಡಿಸಿದ ಕೆಲಸ. ಊರ ಸೋರುವಿಕೆಯನ್ನೆಲ್ಲ ಹಿಡಿಯುವ ನಾನು ಮನೆಯಲ್ಲಿ ಬರೀ ಮೂಗು ಹಿಡಿದುಕೊಂಡು ಓಡಾಡಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಆ ವಾರದಲ್ಲೇ ನನಗೆ ನೆಗಡಿ ಹಿಡಿಯಿತು. ಮೂಗು ಪೂರ್ತಿ ಕಟ್ಟಿ, ತಲೆ ಭಾರವಾಗಿ, ಕೆಲಸಕ್ಕೆ ರಜೆ ಹೇಳಿ ಮಲಗಿದೆ. ಮಧ್ಯಾಹ್ನ ಎದ್ದು, ಆವಿ ತೆಗೆದುಕೊಳ್ಳೋಣವೆಂದು ನೀರಿನ ಪಾತ್ರೆ ಹಿಡಿದು ಅಡುಗೆಮನೆಗೆ ಬಂದೆ. ಅತ್ತೆ ತಮ್ಮ ಮುದ್ದೆ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟು, ರೆಗ್ಯುಲೇಟರ್ ತಿರುಗಿಸಿ, ಹಚ್ಚದೆ ನಿಂತಿದ್ದರು. ನಾನು ಪಕ್ಕದ ಬರ್ನರಿಗೆ ನನ್ನ ಪಾತ್ರೆ ಇಟ್ಟು ಲೈಟರ್ ಕೈಗೆತ್ತಿಕೊಂಡೆ.

"ಹಚ್ಬ್ಯಾಡ" ಎಂದರು ಅತ್ತೆ. "ವಾಸ್ನೆ ಬತ್ತಾ ಐತೆ."

ನಾನು ಉಸಿರೆಳೆದೆ. ಕಟ್ಟಿದ ಮೂಗಿಗೆ ಏನೂ ಬರಲಿಲ್ಲ. ಮೈ ಕಾಯುತ್ತಿತ್ತು, ಸಹನೆ ಕಡಿಮೆಯಿತ್ತು. "ಅತ್ತೆ, ಅದು ಸಿಪ್ಪೆ ನೀರು. ಎಷ್ಟು ಸಲ ಹೇಳೋದು?"

ಅವರು ಲೈಟರ್ ಹಿಡಿದ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ತಮ್ಮ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದರು.

"ಸರಿ ಕಣವ್ವ. ನನ್ ಮೂಗೇ ಕೆಟ್ಟೈತೆ ಅಂತ್ಲೇ ಇಟ್ಕೊ. ತಲೆನೂ ಕೆಟ್ಟೈತೆ ಅನ್ನು. ಕರೆಂಟ್ ಒಲೆ ತರ್ಸು, ನಾನ್ ಬ್ಯಾಡ ಅನ್ನಲ್ಲ. ಇನ್ಮ್ಯಾಕೆ ಈ ಒಲೆ ಮುಟ್ಟಲ್ಲ. ಆದ್ರೆ ಇವತ್ತು, ಈಗ, ನೀನು ಹಚ್ಬ್ಯಾಡ."

ಲೈಟರ್ ಕೆಳಗಿಟ್ಟೆ. ನಂಬಿದ್ದರಿಂದಲ್ಲ, ಒಲೆಯನ್ನೇ ಬಿಟ್ಟುಕೊಡುತ್ತೇನೆ ಎಂದದ್ದರಿಂದ. ಡಬ್ಬದ್ದೇ ವಾಸನೆ ಎಂದು ಒಮ್ಮೆ ತೋರಿಸಿಕೊಟ್ಟು ಅವರ ಭಯ ಬಿಡಿಸೋಣ ಎಂದುಕೊಂಡೆ. ಸಿಂಕಿನ ಪಕ್ಕದಲ್ಲಿ ಬೆಳಿಗ್ಗೆ ಕಿವುಚಿಟ್ಟ ಅಂಟುವಾಳದ ಬೋಗುಣಿಯಿತ್ತು. ನೊರೆ ಎಬ್ಬಿಸಿ, ನೆಲದ ಮೇಲೆ ಕೂತು, ಸಿಪ್ಪೆಯ ಡಬ್ಬವನ್ನು ಹೊರಗೆಳೆದೆ. ಅದರ ಹಿಂದೆ ಗೋಡೆಯ ಕಡೆ ಕಿತ್ತಳೆ ಬಣ್ಣದ ಗ್ಯಾಸ್ ಟ್ಯೂಬು, ಡಬ್ಬದ ಅಂಚು ಇಷ್ಟು ದಿನ ಅದುಮಿಕೊಂಡಿದ್ದ ಜಾಗದಲ್ಲಿ ಮಡಿಸಿದಂತೆ ಬಾಗಿತ್ತು. ಆ ಬಾಗಿಗೆ ಬೆರಳಿನಿಂದ ನೊರೆ ಸವರಿದೆ.

ಗುಳ್ಳೆ ಎದ್ದಿತು. ಒಂದು ದೊಡ್ಡದಾಗಿ ಉಬ್ಬಿ ಒಡೆಯಿತು, ಅದರ ಜಾಗದಲ್ಲಿ ಇನ್ನೊಂದು ಎದ್ದಿತು.

ಕಾರ್ಖಾನೆಯಲ್ಲಿ ಇಂಥದ್ದು ಕಂಡರೆ "ಲೀಕ್" ಎಂದು ಪಕ್ಕದವಳಿಗೆ ಕೇಳುವಂತೆ ಹೇಳಿ ಮುಂದಿನದಕ್ಕೆ ಕೈ ಹಾಕುತ್ತೇನೆ. ಆ ಹೊತ್ತು ಕೈಯೇ ತಾನಾಗಿ ಹೋಗಿ ರೆಗ್ಯುಲೇಟರ್ ಆರಿಸಿತು. ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ, ಹಿತ್ತಲ ಬಾಗಿಲು ಎಲ್ಲ ತೆರೆದು, ಅತ್ತೆಯ ರಟ್ಟೆ ಹಿಡಿದು ಅಂಗಳಕ್ಕೆ ಬಂದೆ. ಅಲ್ಲಿ ತುಳಸಿ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ಸವರುತ್ತ, "ನೆಗಡಿ ಜಾಸ್ತಿ ಮಾಡ್ಕೊಬ್ಯಾಡ" ಎಂದರು.

ಸಂಜೆ ಟ್ಯೂಬು ಬದಲಾಯಿತು. ಸಿಪ್ಪೆಯ ಡಬ್ಬ ಮಹಡಿ ಮೆಟ್ಟಿಲಿನ ಕೆಳಗೆ ಹೋಯಿತು. ಯಜಮಾನರು ಹಳೆಯ ಟ್ಯೂಬಿನ ಬಿರುಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಕರೆಂಟ್ ಒಲೆಯ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ "ನಾ ಹೇಳ್ಲಿಲ್ವಾ" ಎಂಬ ಮಾತನ್ನು ಇವತ್ತಿನವರೆಗೆ ಆಡಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂಗು ಗೆದ್ದ ಮೇಲೆ ಅತ್ತೆಗೇ ಅದರ ಮೇಲೆ ಧೈರ್ಯ ಹೋಯಿತು. ಅವತ್ತೇನೋ ಬಂತು, ನಾಳೆ ಬರದೇ ಹೋದರೆ? ನನಗೂ ಅದೇ ಚಿಂತೆ. ವಾಸನೆ ಇಲ್ಲ ಎಂದರೆ ನಿಜವಾಗಿ ಇಲ್ಲವೋ, ಅವರಿಗೆ ತಿಳಿಯುತ್ತಿಲ್ಲವೋ? ಟ್ಯೂಬಿಗೆ ನೊರೆ ಹಚ್ಚಿ ನೋಡುವುದನ್ನು ಅವರಿಗೂ ಕಲಿಸಿದೆ. ಈಗ ನಮ್ಮ ಒಲೆಗೆ ದಿನಾ ಮೂರು ಸೇವೆ: ಸಿಪ್ಪೆ ನೀರಿನಲ್ಲಿ ಒರೆಸುವುದು, ರಂಗೋಲಿ ಕುಂಕುಮ, ಆಮೇಲೆ ಟ್ಯೂಬಿಗೆ ಅಂಟುವಾಳದ ಅಭಿಷೇಕ.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತದೆ. ಕೆಲಸದ ಜಾಗದಲ್ಲಿ ಫೋನು ಕೂಡದು, ಆದರೂ ಈ ಒಂದು ಕರೆಗೆ ನಮ್ಮ ಸೂಪರ್‌ವೈಸರ್ ಆ ಕಡೆ ತಿರುಗಿ ನಿಲ್ಲುತ್ತಾರೆ. ನೊರೆಯ ಕೈಯನ್ನು ಒರೆಸಿಕೊಂಡು ಕಿವಿಗಿಡುತ್ತೇನೆ.

"ಮೂಸ್ದೆ. ಏನೂ ಇಲ್ಲ. ನೊರೆ ಹಚ್ದೆ. ಗುಳ್ಳೆ ಇಲ್ಲ" ಎನ್ನುತ್ತಾರೆ ಅತ್ತೆ. ಸ್ವಲ್ಪ ತಡೆದು, "ಹಚ್ಲಾ?" ಎನ್ನುತ್ತಾರೆ.

"ಹಚ್ಚಿ ಅತ್ತೆ" ಎನ್ನುತ್ತೇನೆ.

ಲೈಟರಿನ ಟಕ್ ಸದ್ದು ಕೇಳುತ್ತದೆ. ನನ್ನ ಎದುರಿನ ವಾಲ್ವಿನ ಮೇಲೆ ಹಚ್ಚಿದ ನೊರೆ ಒಣಗುತ್ತಿರುತ್ತದೆ, ನಾನು ಅದನ್ನು ನೋಡುವುದಿಲ್ಲ. ಆ ಕಡೆ ಎಸರು ಕುದಿದು, ಹಿಟ್ಟು ಬಿದ್ದು, ಪಾತ್ರೆಯ ಗೋಡೆಗೆ ಕೋಲು ಬಡಿಯುವ ಸದ್ದು ಕೇಳಿಸುವವರೆಗೆ ಇಬ್ಬರೂ ಫೋನು ಇಡುವುದಿಲ್ಲ.